ಪೆದ್ರಾ ರೋಸಾದ ಇಳಕಲ್ ಅಭಿಮಾನಿ

ಇಳಕಲ್ಲಿನ ನಮ್ಮ ಓಣಿಯಲ್ಲಿ, ನನ್ನ ಪಕ್ಕದ ಮನೆಯ ಖಾದರಬಾಷಾನಿಗೆ ಅರ್ಧ ತಲೆ ಕೆಟ್ಟಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಊರೆಲ್ಲ ಕ್ರಿಕೆಟ್ ನೋಡಿದರೆ ಈ ಮಹಾರಾಯ ಬ್ರೆಜಿಲ್ ದೇಶದ ಯಾವುದೋ ಮೂಲೆಯ ಪೆದ್ರಾ ರೋಸಾ ಎಂಬ ಫುಟ್‌ಬಾಲ್ ಕ್ಲಬ್ಬಿಗೆ ಜೀವ ಬಿಡುತ್ತಿದ್ದ. ಬ್ರೆಜಿಲ್‌ನವರಿಗೇ ಅದರ ಹೆಸರು ಗೊತ್ತಿರಲಿಕ್ಕಿಲ್ಲ. ಆ ಕ್ಲಬ್ಬಿನದೂ ನಮ್ಮದರಂತೆ ಕೆಂಪುಕಲ್ಲಿನ ಊರು. ಅಲ್ಲಿಯ ಜೋನಾಸ್ ಎಂಬ ಮೆಕ್ಯಾನಿಕ್ ಹಿಂದೊಮ್ಮೆ ಇಲ್ಲಿಯ ಗ್ರಾನೈಟ್ ಫ್ಯಾಕ್ಟರಿಗೆ ಮಷೀನು ಕೂಡಿಸಲು ಬಂದಿದ್ದ. ಪಾಲಿಶ್ ಕೆಲಸದ ಖಾದರಬಾಷಾನಿಗೂ ಅವನಿಗೂ ಭಾಷೆಯೇ ಇಲ್ಲದೆ ಗೆಳೆತನವಾಯಿತು. ಹೋಗುವಾಗ ಜೋನಾಸ್ ಈ ಹುಚ್ಚು ಹತ್ತಿಸಿ ಹೋದ.

ಆಮೇಲೆ ಕಲ್ಲಿನ ಧೂಳು ಖಾದರಬಾಷಾನ ಎದೆಗೆ ಇಳಿಯಿತು. ಕೆಲಸ ಬಿಟ್ಟು ಹೆಂಡತಿ ಜೋಹರಾಳ ಮಗ್ಗದ ಮುಂದೆ ಕೈಯಾಸರೆಗೆ ಕೂತ. ಫ್ಯಾಕ್ಟರಿಯಲ್ಲಿ ದಿನವಿಡೀ ಹೆಸರು ಕೂಗಿಸಿಕೊಳ್ಳುತ್ತಿದ್ದವನು ಓಣಿಗೆಲ್ಲ ಬರೀ ‘ಜೋಹರಾನ ಗಂಡ’ ಆದ. ಅವನ ಹೆಸರು ಹಿಡಿದು ಕರೆಯುವವನು ಒಬ್ಬನೇ ಉಳಿದಿದ್ದ: ಪೆದ್ರಾ ರೋಸಾದ ಆಟಗಳನ್ನು ಯೂಟ್ಯೂಬಿನಲ್ಲಿ ವರ್ಣಿಸುವ ಮುದುಕ. ಜೋನಾಸ್ ಹೇಳಿಕೊಟ್ಟಿದ್ದನೋ ಏನೋ, ಪ್ರತಿ ಆಟದ ಮೊದಲು ಆತ ‘ಕಾದರಬಾಷಾ, ಇಂಡಿಯಾ!’ ಎಂದು ಕೂಗುತ್ತಿದ್ದ. ಆಗ ಇವನ ಮುಖ ನೋಡಬೇಕಿತ್ತು. ನನಗೆ ನಗುವೂ ಬರುತ್ತಿತ್ತು, ಕರುಳೂ ಚುರುಕ್ ಎನ್ನುತ್ತಿತ್ತು.

ಹೋದ ತಿಂಗಳು ಆ ಕ್ಲಬ್ಬು ಮುಳುಗುವ ಹಂತಕ್ಕೆ ಬಂತು. ಕೊನೆಯ ಆಟ ಗೆದ್ದರೆ ಉಳಿವು. ಸೋತರೂ, ಸಮವಾದರೂ ಕ್ಲಬ್ಬಿಗೆ ಬೀಗ, ಮುದುಕನ ವರ್ಣನೆಯೂ ಬಂದ್. ಅಲ್ಲಿ ಭಾನುವಾರದ ಬೆಳಗು, ಇಲ್ಲಿ ಸಂಜೆ. ಅದೇ ಹೊತ್ತಿಗೆ ಜೋಹರಾ ಸೀರೆಗೆ ಸೆರಗು ಕೂಡಿಸುತ್ತಿದ್ದಳು. ಒಡಲಿನ ಹತ್ತಿಯ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಬೇಕು. ಒಬ್ಬರು ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬರು ಕೊಂಡಿ ಹಾಕಬೇಕು. ಇಬ್ಬರಲ್ಲಿ ಯಾರು ನಡುವೆ ಕೈಬಿಟ್ಟರೂ ಹಗಲೆಲ್ಲ ದುಡಿದದ್ದು ಮಣ್ಣುಪಾಲು.

ಖಾದರಬಾಷಾ ಫೋನನ್ನು ಮಗ್ಗದಡಿ ಕಾಲಿಳಿಬಿಡುವ ಕುಣಿಯ ಅಂಚಿಗೆ ಒರಗಿಸಿ ಎಳೆ ಹಿಡಿದು ಕೂತ.

"ಕಣ್ಣು ಎಲ್ಲೆರ ಇರ್ಲಿ, ಕೈ ಮಾತ್ರ ಇಲ್ಲಿರ್ಲಿ ನೋಡ್ರಿ," ಎಂದಳು ಜೋಹರಾ.

ಪೆದ್ರಾ ರೋಸಾ ಒಂದು ಗೋಲು ಮುಂದಿತ್ತು. ಇನ್ನೇನು ಆಟ ಮುಗಿಯಬೇಕು, ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಒದೆಯುವವನು ಚೆಂಡಿಟ್ಟು ಹಿಂದೆ ಸರಿದ. ಅಷ್ಟರಲ್ಲಿ ಖಾದರಬಾಷಾನ ಮೊಣಕಾಲು ತಾಗಿ ಫೋನು ಕುಣಿಯೊಳಗೆ ಬೋರಲು ಬಿತ್ತು.

ಅವನ ಎರಡೂ ಕೈ ತುಂಬ ಎಳೆಗಳು. ಜೋಹರಾ ಅವನ ಮುಖ ನೋಡಿದಳು.

"ನೀ ಕೊಂಡಿ ಹಾಕು. ನಾ ಬಿಡಂಗಿಲ್ಲ," ಎಂದ. ಕಣ್ಣು ಮಾತ್ರ ಕುಣಿಯೊಳಗೇ ನೆಟ್ಟಿತ್ತು.

ಜೋಹರಾ ತನ್ನ ಕೈಯಲ್ಲಿದ್ದದ್ದನ್ನು ಬಿಟ್ಟಳು. ಕೊಂಡಿಗಳು ಸರಸರನೆ ಬಿಚ್ಚಿಕೊಂಡವು. ಆಕೆ ಅತ್ತ ನೋಡಲೂ ಇಲ್ಲ. ಕುಣಿಗಿಳಿದು ಫೋನು ಎತ್ತಿ ಅವನ ಕಣ್ಣ ಮುಂದೆ ಹಿಡಿದಳು. ಗೋಲ್‌ಕೀಪರ್ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಗಿ ಬಲೆಗೆ ಬಿತ್ತು.

ಆಟ ಸಮವಾಗಿ ಮುಗಿಯಿತು. ಮುದುಕ ಏನೋ ಹೇಳಲು ಹೋಗಿ ಬಿಕ್ಕಿದ, ಪರದೆ ಕಪ್ಪಾಯಿತು. ಉಪಯೋಗವಿಲ್ಲದ ಎಳೆಗಳನ್ನು ಹಿಡಿದುಕೊಂಡೇ ಖಾದರಬಾಷಾ ಅತ್ತುಬಿಟ್ಟ. "ಮುಗೀತು ಬಿಡು. ಇನ್ನ ನನ್ನ ಹೆಸರ್ಹಿಡದು ಕರಿಯಾವ್ರು ಯಾರದಾರ?"

ಇದನ್ನೆಲ್ಲ ಮರುದಿನ ಅವನೇ ನನಗೆ ಹೇಳಿದ್ದು. ಅವನು ಅತ್ತ ಮೇಲಿನದನ್ನು ಮಾತ್ರ ಆ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತಿದ್ದ ನಾನೇ ಕಿವಿಯಾರೆ ಕೇಳಿದೆ. ನಿಕಾ ಆದಾಗಿನಿಂದ ಗಂಡನನ್ನು ‘ಏನ್ರಿ’ ಎಂದೇ ಕರೆಯುತ್ತಿದ್ದ ಹೆಣ್ಣು, ಹೆಸರು ಎತ್ತಿದರೆ ಅವನ ಆಯುಷ್ಯ ಕಡಿಮೆಯಾದೀತೆಂದು ಹೆದರುತ್ತಿದ್ದ ಹೆಣ್ಣು, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಖಾದರಬಾಷಾ! ಕಣ್ಣೊರಸ್ಕೋರಿ. ಎಳಿ ಹಿಡೀರಿ, ಮತ್ತ ಮೊದಲಿಂದ ಹಾಕೋಣು."