ಒಂದು ಪಂಪಿಗೆ ಮೂವತ್ತು ಗ್ರಾಂ

ಶಿವರಾಜ ಇಂಡಿ ತಾಲ್ಲೂಕಿನ ಹೊಲ ಬಿಟ್ಟು ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಹೊಲದಲ್ಲಿದ್ದಾಗ ಅವನು ಮಣ್ಣು ಮುಟ್ಟಿದ್ದನ್ನು ಕಂಡವರಿಲ್ಲ. ಖರಾಡಿಯ ನಮ್ಮ ಸೊಸೈಟಿಯಲ್ಲಿ ಫ್ಲ್ಯಾಟ್ ಕೊಂಡ ಮೇಲೆ ಅವನು ರೈತನಾದ. ಲಿಫ್ಟಿನಲ್ಲಿ ಯಾರೇ ಸಿಗಲಿ, "ಆಮ್ಹೀ ಮೂಳಚೇ ಶೇತಕರೀ" ಎಂದು ಮರಾಠಿಯಲ್ಲಿ ತನ್ನ ರೈತ ಮೂಲವನ್ನು ಬಿಚ್ಚುವನು. ಕೆಳಗೆ ಮೂರು ಎಕರೆ ಇದ್ದ ಹೊಲ ಹನ್ನೊಂದನೆಯ ಮಹಡಿ ತಲುಪುವಷ್ಟರಲ್ಲಿ ಹತ್ತು ಎಕರೆ ಆಗಿರುತ್ತಿತ್ತು.

ಹೊಟ್ಟೆಪಾಡಿಗೆ ಅವನು ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್. ತೂಕದ ವಿಷಯದಲ್ಲಿ ಅವನನ್ನು ಮೀರಿಸುವವರಿಲ್ಲ. ಮನೆಯಲ್ಲೂ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದಾನೆ. ಅವನ ಹೆಂಡತಿ ತ್ರಿವೇಣಿ ಚಹಾಪುಡಿಯನ್ನೂ ತೂಗಿಯೇ ಹಾಕಬೇಕು.

ಸೊಸೈಟಿಯ ಟೆರೇಸಿನಲ್ಲಿ ಅರ್ಧಕ್ಕೆ ಕೊಯ್ದ ಹನ್ನೆರಡು ನೀಲಿ ಡ್ರಮ್ಮುಗಳು. ಎಂಟರಲ್ಲಿ ಟೊಮೆಟೊ, ನೀರಿನ ಟಾಕಿಯ ಹಿಂದಿನ ನಾಲ್ಕರಲ್ಲಿ ಬದನೆ. ನೀರು ಹಾಕುವುದು, ಕಳೆ ಕೀಳುವುದು ವಾಚ್‌ಮನ್ ಹುಸೇನಪ್ಪನ ಪಾಲು. ಅವನು ಯಾದಗಿರಿ ಕಡೆಯವನು; ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತು ಇಲ್ಲೇ ಉಳಿದವನು. ಉಪದೇಶ ಶಿವರಾಜನ ಪಾಲು.

ಈ ತೋಟ ತೆಗೆದು ಸೋಲಾರ್ ಹಾಕಿಸಬೇಕೆಂದು ಚೇರ್ಮನ್ ಮಧುಕರ್ ಹಟ ಹಿಡಿದಿದ್ದರು. ತೀರ್ಮಾನ ಸಭೆಯಲ್ಲಿ, ಹತ್ತು ದಿನ ಬಿಟ್ಟು ಬರುವ ಭಾನುವಾರ. ತೋಟ ಹೋದರೆ ಶಿವರಾಜ ಮತ್ತೆ ಬರೀ ಕ್ಲಾರ್ಕ್. ಅಂಥ ಹೊತ್ತಿನಲ್ಲೇ ಗಿಡಗಳ ಎಳೆ ಎಲೆಗಳು ಹಳದಿಗೆ ತಿರುಗಿದವು. ನರ ಮಾತ್ರ ಹಸಿರು.

ಶಿವರಾಜ ಒಂದು ಎಲೆ ಕಿತ್ತು ಹಡಪಸರದ ಗೊಬ್ಬರದಂಗಡಿಗೆ ಒಯ್ದ. ಅಂಗಡಿಯವನು ನೋಡಿ, ಕಬ್ಬಿಣ, ಸತು ಕಮ್ಮಿಯಾಗಿವೆ, ಹಳೇ ಮಣ್ಣಿನಿಂದ ಬೇರಿಗೆ ಸಿಗುತ್ತಿಲ್ಲ, ಎಲೆಗೇ ಸಿಂಪಡಿಸಿ ಎಂದು ಲಘು ಪೋಷಕಾಂಶದ ಪುಡಿ ಕೊಟ್ಟ. ಅಳತೆಯನ್ನೂ ಹೇಳಿದ: ಒಂದು ಪಂಪಿಗೆ ಮೂವತ್ತು ಗ್ರಾಂ.

ಗುರುವಾರ ಕಾರ್ಖಾನೆಗೆ ರಜೆ. ಮಧ್ಯಾಹ್ನ ಒಂದು ಗಂಟೆಗೆ ಟೋಪಿ, ಮಾಸ್ಕು, ಕಪ್ಪು ಕನ್ನಡಕ ಧರಿಸಿ ಶಿವರಾಜ ಟೆರೇಸ್ ಹತ್ತಿದ. ಕೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ ಒಂದು ಲೀಟರಿನ ಹಸಿರು ಪಂಪು.

"ಸಾಹೇಬ್ರ, ಎಷ್ಟು ಹಾಕೀರಿ?" ಎಂದ ಹುಸೇನಪ್ಪ.

"ಮೂವತ್ತು ಗ್ರಾಂ. ಒಂದು ಪಂಪಿಗಿ ಮೂವತ್ತು. ತೂಗಿ ಹಾಕೀನಿ."

"ಇದು ಪಂಪ್ ಅಲ್ರೀ. ಪಂಪ್ ಅಂದ್ರ ಬೆನ್ನಿಗಿ ಹೊರೋದ್ರಿ, ಹದಿನೈದು ಲೀಟರಿಂದು. ಎಷ್ಟು ಹೊಲದಾಗ ಹೊತ್ತೀನ್ರಿ ನಾ."

"ಏ ಹುಸೇನಪ್ಪ, ನೀ ನನಗ ಪಂಪ್ ಕಲಸ್ತೀ ಏನು? ಇದರ ಮ್ಯಾಲ ಏನ್ ಬರದಾರ ಓದು."

ಅದರ ಮೇಲೆ 'ಪ್ರೆಶರ್ ಪಂಪ್' ಎಂದೇ ಬರೆದಿತ್ತು. ಓದು ಬಂದವರ ಪ್ರಕಾರ ಶಿವರಾಜನೇ ಸರಿ.

"ಬಿಸಲಾಗ ಬ್ಯಾಡ್ರಿ. ಸಂಜಿಕಿ ಹೊಡೀರಿ."

"ಈಗ ಅರಿವಿ ಒಣ ಹಾಕಾಕ ಮಂದಿ ಬರ್ತಾರ. ಸಂಜಿಕಿ ಎಲ್ಲಾ ವಾಕಿಂಗ್ ಹೋಗಿರ್ತಾರ. ಯಾರು ನೋಡ್ತಾರ?"

ಎಂಟು ಟೊಮೆಟೊ ಡ್ರಮ್ಮು ಮುಗಿಯುವಷ್ಟರಲ್ಲಿ ದಪ್ಪ ದ್ರಾವಣ ಪಂಪಿನ ಬಾಯಿಯಲ್ಲಿ ಕಟ್ಟಿಕೊಂಡಿತು. ಒಳಗೆ ಇನ್ನೂ ಅರ್ಧ ಉಳಿದಿತ್ತು. "ಚೆಲ್ಲು ಇದನ್ನ" ಎಂದು ಹೇಳಿ ಶಿವರಾಜ ಊಟಕ್ಕೆ ಇಳಿದ. ಹುಸೇನಪ್ಪ ಚೆಲ್ಲಲಿಲ್ಲ. ದೊಡ್ಡ ಬಕೆಟ್ಟಿನ ನೀರಿಗೆ ಅದನ್ನು ಬೆರೆಸಿಟ್ಟ. ಸಂಜೆ ಬಿಸಿಲು ಇಳಿದ ಮೇಲೆ ಹೊಸ ಪೊರಕೆ ಅದ್ದಿ ನಾಲ್ಕು ಬದನೆ ಡ್ರಮ್ಮುಗಳಿಗೆ ಚಿಮುಕಿಸಿದ.

ಶನಿವಾರದ ಹೊತ್ತಿಗೆ ಟೊಮೆಟೊ ಎಲೆಗಳು ಸುಟ್ಟ ಹಪ್ಪಳದಂತೆ ಮುರುಟಿದ್ದವು.

"ಏನ್ರೀ ರೈತರ," ಎಂದಳು ತ್ರಿವೇಣಿ, "ಔಷಧ ಹೊಡದ್ರೋ, ಒಗ್ಗರಣಿ ಹಾಕಿದ್ರೋ?"

ಶಿವರಾಜ ಮೊದಲು ಹುಸೇನಪ್ಪನ ನೀರನ್ನು ಬೈದ, ಆಮೇಲೆ ಅಂಗಡಿಯವನ ಪುಡಿಯನ್ನು, ಕೊನೆಗೆ ಖರಾಡಿಯ ಹೊಗೆಯನ್ನು. ಪಂಪನ್ನು ಮಾತ್ರ ಬೈಯಲಿಲ್ಲ.

ಮರುವಾರ, ಸಭೆಯ ಭಾನುವಾರ, ಎಲ್ಲರೂ ಟೆರೇಸಿಗೆ ಬಂದರು. ಎಂಟು ಡ್ರಮ್ಮು ನೋಡಿದ ಮಧುಕರ್, "ಇಥೇ ಹೋಳೀ ಪೇಟವಲೀ ಕಾ?" ಎಂದರು. ಟೆರೇಸಿನಲ್ಲಿ ಹೋಳಿ ಸುಟ್ಟಂತೆಯೇ ಇತ್ತು, ಎಲ್ಲರೂ ನಕ್ಕರು. ಶಿವರಾಜನ ಮುಖ ಟೊಮೆಟೊ ಗಿಡಕ್ಕಿಂತ ಬಾಡಿತು. ಅಷ್ಟರಲ್ಲಿ ಟಾಕಿಯ ಹಿಂದಿನಿಂದ ಹೆಂಗಸರ ದನಿ ಕೇಳಿಸಿತು. ಬದನೆಯ ಹೊಸ ಎಲೆಗಳು ಹಚ್ಚಗೆ ತಿರುಗಿದ್ದವು. ಗಿಡದ ತುಂಬ ಹೂವು, ಕೆಳಗೆ ಎಳೆಗಾಯಿ. ಅವರು ಆಗಲೇ ಎಣ್ಣೆಗಾಯಿ ಮಾಡುವ ಮಾತಿಗಿಳಿದಿದ್ದರು. ಸೋಲಾರ್ ಅಲ್ಲೇ ಸೋತಿತು.

ಇದನ್ನು ಮಾಡಿದವರು ಯಾರು ಎಂದು ಮಧುಕರ್ ಕೇಳಿದರು. ಹುಸೇನಪ್ಪ ಬಾಯಿ ತೆರೆಯುವಷ್ಟರಲ್ಲಿ ಶಿವರಾಜ ಮುಂದೆ ಬಂದು, ಇದು ತನ್ನ ಪ್ರಯೋಗ, ಎಂಟಕ್ಕೆ ಬೇಕೆಂದೇ ಹೆಚ್ಚು, ನಾಲ್ಕಕ್ಕೆ ಕಡಿಮೆ ಪ್ರಮಾಣ ಕೊಟ್ಟು ನೋಡಿದ್ದು ಎಂದ. ತ್ರಿವೇಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹುಸೇನಪ್ಪ ತೆರೆದ ಬಾಯಿ ಮುಚ್ಚಿದ, ತೋಟ ಉಳಿಯಿತಲ್ಲ.

ಸೊಸೈಟಿಯ ದಾಖಲೆಯಲ್ಲಿ ಈಗ ತೋಟದ ಮಾರ್ಗದರ್ಶಕ ಶ್ರೀ ಶಿವರಾಜ. ಮಾರ್ಗದರ್ಶಕರ ಸಲಹೆಯಂತೆಯೇ ಹದಿನೈದು ಲೀಟರಿನ, ಬೆನ್ನಿಗೆ ಹೊರುವ ಪಂಪು ಬಂದಿದೆ. ಫೋಟೊ ತೆಗೆಯುವಾಗ ಅದು ಶಿವರಾಜನ ಬೆನ್ನ ಮೇಲಿರುತ್ತದೆ, ಖಾಲಿ. ನೀರು ತುಂಬಿದ ಮೇಲೆ ಹುಸೇನಪ್ಪನ ಬೆನ್ನಿಗೆ.