ಗಿರಿಜಳ ಹೊಸ್ತಿಲ ರಂಗೋಲಿ

ಇವತ್ತು ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಸಿದೆ. ನಮ್ಮವರ ಡ್ಯೂಟಿ ಡಬ್ಬಿಗೆ ಚಿತ್ರಾನ್ನ ಕಲಸಿದೆ, ನೆನೆಸಿದ ಅವರೆಕಾಳು ಹಿತುಕಿದೆ, ಮಗಳ ಕಾಲೇಜಿನ ಚೂಡಿದಾರಕ್ಕೆ ಗುಂಡಿ ಹೊಲಿದೆ, ನಲ್ಲಿ ಬಂದಾಗ ಹಂಡೆ, ಕೊಡ, ಬಕೆಟ್ಟು ತುಂಬಿಸಿದೆ. ಸಂಜೆ ಪಕ್ಕದ ಮನೆಗೆ ಹೋಗಿ, ಹತ್ತು ವರ್ಷಕ್ಕೂ ಮೇಲೆ ನುಂಗಿಕೊಂಡಿದ್ದ ಮಾತನ್ನು ಗಿರಿಜಳಿಗೆ ಹೇಳಿದೆ — ಅವಳ ಮನೆಗೆ ಕಳ್ಳ ನುಗ್ಗಿದ್ದು ಅವಳ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ.

ಅರಸೀಕೆರೆಯ ನಮ್ಮ ಬೀದಿಯ ಕೊನೆಯ ಎರಡು ಹೆಂಚಿನ ಮನೆಗಳು ನಮ್ಮಿಬ್ಬರವು. ನಡುವೆ ಒಂದೇ ಗೋಡೆ. ಅವಳ ಯಜಮಾನರದು ಕೊಬ್ಬರಿ ವ್ಯಾಪಾರ. ನನ್ನವರು ರೈಲ್ವೆಯವರು, ಮನೆಯಲ್ಲಿರುವುದಕ್ಕಿಂತ ಗೂಡ್ಸ್ ಗಾಡಿಯಲ್ಲಿರುವುದೇ ಹೆಚ್ಚು. ಮಾತಾಡಲು ನನಗಿದ್ದವಳು ಗಿರಿಜ ಒಬ್ಬಳೇ. ಆಚೆ ಅವಳು ಒಗ್ಗರಣೆ ಹಾಕಿದರೆ ಈಚೆ ನನಗೆ ಸೀನು ಬರುತ್ತಿತ್ತು — ಅಷ್ಟು ಹತ್ತಿರ.

ನಮ್ಮ ಬೀದಿಯಲ್ಲಿ ಯಾರಾದರೂ ಊರಿಗೆ ಹೋದರೆ, ಅವರ ಬಾಗಿಲಿಗೂ ನೀರು ಹಾಕಿ ರಂಗೋಲಿ ಬಿಡುವುದು, ಸಂಜೆ ಒಳಗೊಂದು ಲೈಟು ಹಾಕುವುದು ಪಕ್ಕದವರ ಕೆಲಸ. ಬೀಗ ಎಷ್ಟೇ ಗಟ್ಟಿಯಿರಲಿ, ರಂಗೋಲಿಯಿಲ್ಲದ ಹೊಸ್ತಿಲು ಮನೆಯಲ್ಲಿ ಜನರಿಲ್ಲವೆಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿಬಿಡುತ್ತದೆ.

ಆ ವರ್ಷ ಅವರ ಮನೆಯವರೆಲ್ಲ ಮದುವೆಗೆಂದು ಬೇಲೂರಿಗೆ ಹೊರಟರು. ಗಿರಿಜ ಮುಂಬಾಗಿಲ ಕೀ ನನಗೆ ಕೊಟ್ಟಳು. ಆಮೇಲೆ ನನ್ನೆದುರೇ ಒಳಕೋಣೆಗೆ ಬೀಗ ಜಡಿದು, ಜಗ್ಗಿ ನೋಡಿ, ಮತ್ತೆ ಜಗ್ಗಿ ನೋಡಿ, ಆ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇದು ತನ್ನ ಹತ್ತಿರವೇ ಇರಲಿ, ಅತ್ತೆ ಹೇಳಿದ್ದಾರೆ ಅಂದಳು. ಅತ್ತೆಯ ಮಾತು ಅತ್ತೆಯದು — ಈಗ ಗೊತ್ತಾಗುತ್ತದೆ. ಅವತ್ತು ನನಗೆ ಕೇಳಿಸಿದ್ದು, ನಿನ್ನನ್ನು ನಂಬುವುದಿಲ್ಲ ಎಂದು ಮಾತ್ರ.

ಮಾರನೆಯ ಬೆಳಿಗ್ಗೆ ರಂಗೋಲಿ ಬಿಟ್ಟೆ. ಸಂಜೆ ಒಳಗೆ ಹೋಗಿ ಲೈಟು ಹಾಕಿ, ಹಿತ್ತಿಲ ಬಾಗಿಲ ಚಿಲಕವನ್ನು ಮುಟ್ಟಿ ನೋಡಿದೆ. ಭದ್ರವಾಗಿ ಹಾಕಿತ್ತು. ಆ ಕಬ್ಬಿಣದ ತಣ್ಣಗಿನ ಸ್ಪರ್ಶ ಇನ್ನೂ ಬೆರಳಿನಲ್ಲಿದೆ. ವಾಪಸು ಬರುವಾಗ ಒಳಕೋಣೆಯ ಬೀಗ ಕಣ್ಣಿಗೆ ಬಿತ್ತು, ಮನಸ್ಸು ಕಹಿಯಾಯಿತು. ಬಾಗಿಲು ಕಾಯಲು ನಾನು ಬೇಕು, ಒಳಗೆ ಬೇಡ...

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಹಳೆಯ ರಂಗೋಲಿಯನ್ನು ನಾಯಿ ತುಳಿದಿತ್ತು, ಮೇಲೆ ಬೇವಿನೆಲೆ ಉದುರಿತ್ತು. ನೋಡಿಕೊಂಡೇ ಓಡಾಡಿದೆ. ಒಳಗೊಳಗೆ ಸ್ವಲ್ಪ ಖುಷಿಯೂ ಆಗಿತ್ತು — ಅದನ್ನೂ ಹೇಳಬೇಕು.

ಮೂರನೆಯ ಬೆಳಿಗ್ಗೆ ನಮ್ಮ ಹಿತ್ತಿಲಿಗೆ ಬಂದವಳು ನೋಡುತ್ತೇನೆ, ಅವಳ ಹಿತ್ತಿಲ ಬಾಗಿಲು ಹಾರುಹೊಡೆದಿದೆ. ಒಳಗೆ ಹೋದರೆ ಒಳಕೋಣೆಯ ಬೀಗ ಮುರಿದು ಬಿದ್ದಿತ್ತು, ಟ್ರಂಕು ಬೋರಲಾಗಿತ್ತು. ಬೆಳ್ಳಿ ದೀಪಗಳಿರಲಿಲ್ಲ. ತೀರಿಹೋದ ಅಮ್ಮ ಅವಳಿಗೆ ಕೊಟ್ಟಿದ್ದ ಬೆಂಡೋಲೆಯೂ ಇರಲಿಲ್ಲ.

ನಾನು ಕೂಗಲಿಲ್ಲ. ಮೊದಲು ಮನೆಯಿಂದ ನೀರು ತಂದು ಅವಳ ಹೊಸ್ತಿಲು ತೊಳೆದೆ. ರಂಗೋಲಿ ಬಿಟ್ಟೆ. ಅಷ್ಟು ನೇರವಾದ ಎಳೆಗಳನ್ನು ನಾನು ಯಾವತ್ತೂ ಎಳೆದಿಲ್ಲ. ಆಮೇಲೆ ಬೀದಿಗೆ ಬಂದು ಕೂಗಿದೆ.

ಅವರೆಲ್ಲ ಬಂದರು, ಪೊಲೀಸರೂ ಬಂದರು. ಹಿತ್ತಿಲ ಬಾಗಿಲು ಒಡೆದಿರಲಿಲ್ಲ. ಬಚ್ಚಲುಮನೆಯ ಮೇಲೆ ಹೆಂಚು ಸರಿದಿದ್ದುದನ್ನು ಯಾರೋ ತೋರಿಸಿದರು. ಗಿರಿಜಳ ಅತ್ತೆ ತಲೆಯೆತ್ತಿಯೂ ನೋಡಲಿಲ್ಲ, ಸೊಸೆಯತ್ತ ಕೈ ಮಾಡಿದರು. "ಹೆಂಚು ಸರ್ಸೋದು ಮಂಗಗೋಳು, ದಿನಾ ಇದ್ದದ್ದೇ. ಇವ್ಳು ಚಿಲಕ ಹಾಕ್ದೆ ಬಂದವ್ಳೆ, ಅಷ್ಟೇಯ."

ಕಳ್ಳ ಹೆಂಚು ತೆಗೆದು ಇಳಿದಿದ್ದ, ಹೋಗುವಾಗ ಒಳಗಿನಿಂದ ಚಿಲಕ ತೆಗೆದುಕೊಂಡು ಹೋಗಿದ್ದ. ಅದು ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಟ್ಟರೆ, ಚಿಲಕ ಯಾವಾಗ ನೋಡಿದೆ ಎಂದು ಕೇಳುತ್ತಿದ್ದರು. ಆಮೇಲಿನ ದಿನ? ಅದರ ಮಾರನೆಯ ದಿನ? — ಎಲ್ಲರಿಗೂ ಕಾಫಿ ಲೋಟ ಕೊಡುತ್ತ ನಿಂತಿದ್ದೆ.

ಗಿರಿಜ ನನ್ನ ಕೈ ಹಿಡಿದುಕೊಂಡಳು. "ನೀನಾದ್ರೂ ದಿನಾ ರಂಗೋಲಿ ಬಿಟ್ಟಿದ್ದೀಯ ಕಣೇ. ನಾನೇ... ಹಾಕಿದ್ದೆ ಅಂತ್ಲೇ ನೆನಪು. ಹಾಕಿರ್ಲಿಲ್ವೇನೋ."

ಆಗ ನಾನು ಹೇಳಿದ್ದು — "ಮರೆವು ಯಾರಿಗಿಲ್ಲ, ಬಿಡು ಗಿರಿಜ."

ಸಮಾಧಾನದ ದನಿಯಲ್ಲೇ ಹೇಳಿದೆ. ಕಳ್ಳ ಒಯ್ದದ್ದಕ್ಕಿಂತ ಹೆಚ್ಚಿನದನ್ನು ಆ ಮಾತು ಒಯ್ದಿತು.

ಅಲ್ಲಿಂದ ಮುಂದೆ ಅವಳು ಸೀರೆಯುಟ್ಟು ಎಲ್ಲಿಗೇ ಹೊರಡಲಿ, ಅತ್ತೆ ನಡುಮನೆಯಿಂದಲೇ ಚಿಲಕ ಹಾಕಿದ್ಯೇನಮ್ಮಾ ಎನ್ನುತ್ತಿದ್ದರು. ಮೊದಮೊದಲು ಗಿರಿಜ ನಗುತ್ತಿದ್ದಳು. ಆಮೇಲೆ ಹೊರಡುವುದನ್ನೇ ಬಿಟ್ಟಳು. ಕಣಕಟ್ಟೆಯಲ್ಲಿ ನಡೆದ ಸ್ವಂತ ತಂಗಿಯ ಧಾರೆಗೂ ಹೋಗಲಿಲ್ಲ, ಮನೆ ಕಾಯುತ್ತೇನೆ ಎಂದು ಉಳಿದಳು. ದಿನವೂ ಮಲಗುವ ಮುಂಚೆ ಗೋಡೆಯಾಚೆ ಚಿಲಕದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಸದ್ದು. ಮತ್ತೆ. ಈಚೆ ನಾನು ಕೇಳಿಸಿಕೊಂಡು ಮಲಗಿರುತ್ತಿದ್ದೆ. ಅವಳ ಮುಖ ನೋಡಲಾಗದೆ, ಕೆಲಸದ ನೆಪ ಹೇಳಿ ಹೋಗುವುದನ್ನು ಕಡಿಮೆ ಮಾಡಿದೆ. ಮನೆ ಜೋಪಾನ ಮಾಡಲು ಬಾರದವಳೆಂದು ನಾನೂ ದೂರವಾದೆ ಅಂತ ಅವಳು ತಿಳಿದಿರಬೇಕು. ಒಂದೇ ಗೋಡೆ — ಆಚೆ ಅವಳೊಬ್ಬಳು, ಈಚೆ ನಾನೊಬ್ಬಳು.

ಹೋದ ವರ್ಷ ಅತ್ತೆ ತೀರಿಕೊಂಡರು. ಇವತ್ತು ಮಧ್ಯಾಹ್ನ ಗಿರಿಜ ಬಂದಳು. ಹಳೇಬೀಡಿನಲ್ಲಿ ಅದೇ ತಂಗಿ ಮನೆ ಕಟ್ಟಿಸಿದ್ದಾಳಂತೆ, ಗೃಹಪ್ರವೇಶ. ನಾಳೆ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹೊರಡುತ್ತಾರಂತೆ. ಕೀಗೊಂಚಲನ್ನು ಇಡಿಯಾಗಿ ನನ್ನ ಅಂಗೈಗೆ ಹಾಕಿದಳು. ಒಳಕೋಣೆಯದೂ ಇತ್ತು, ಬೀರುವಿನದೂ ಇತ್ತು. ಎಲ್ಲಾ ನಿನ್ನ ಹತ್ತಿರವೇ ಇರಲಿ ಅಂದಳು.

ಗೊಂಚಲನ್ನು ಅಕ್ಕಿ ಡಬ್ಬದಲ್ಲಿಟ್ಟೆ. ತೆಗೆದು ದೇವರ ಮುಂದಿಟ್ಟೆ. ಅಲ್ಲಿಂದಲೂ ತೆಗೆದೆ. ಕೊನೆಗೆ ಕೈಯಲ್ಲಿ ಹಿಡಿದುಕೊಂಡೇ ಹೋದೆ.

ಅವಳು ಸೀರೆ ಮಡಿಸುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ರಂಗೋಲಿಯ ಬಗ್ಗೆ ಅವಳು ಕೇಳಲಿಲ್ಲ. ಬೆಂಡೋಲೆಯ ಮಾತೂ ಎತ್ತಲಿಲ್ಲ.

"ಚಿಲಕ ಹಾಕಿತ್ತಾ?"

"ಹಾಕಿತ್ತು. ನಾನೇ ಮುಟ್ಟಿ ನೋಡಿದ್ದೆ."

ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. "ನಿಜವಾಗ್ಲೂ ಹಾಕಿತ್ತಾ, ಶಾರದಾ?"

"ಹಾಕಿತ್ತು."

ಕೈ ಚಾಚಿದಳು. ಗೊಂಚಲನ್ನು ಕೊಟ್ಟೆ.

"ಅತ್ತೆ ಇದ್ದಾಗ ಹೇಳ್ಬೋದಿತ್ತಲ್ಲೇ."

ಬರಿಗೈಯಲ್ಲಿ ವಾಪಸು ಬಂದೆ. ನಾಳೆ ಅವಳ ಹೊಸ್ತಿಲಿಗೆ ರಂಗೋಲಿ ಬಿಡಲು ಕೀ ಬೇಕಿಲ್ಲ, ನಿಜ. ಆದರೆ ರಂಗೋಲಿ ಬಿಡು ಎಂದು ಅವಳು ಹೇಳಬೇಕಲ್ಲ — ಹೇಳಲಿಲ್ಲ.

ರಾತ್ರಿಗೆ ಮುದ್ದೆ, ಹಿತುಕಿದ ಬೇಳೆ ಸಾರು. ನಮ್ಮವರು ಡ್ಯೂಟಿಯ ಮೇಲಿದ್ದಾರೆ. ಮಗಳು ಚೆನ್ನಾಗಿ ಉಂಡಳು, ನನಗೆ ಅರ್ಧ ಮುದ್ದೆಯೇ ಹೆಚ್ಚಾಯಿತು. ತಟ್ಟೆ ತೊಳೆಯುವಾಗ ಗೋಡೆಯಾಚೆ ಚಿಲಕದ ಸದ್ದಾಯಿತು. ಎರಡನೆಯ ಸದ್ದಿಗೆ ಕಾದೆ. ಬರಲಿಲ್ಲ. ಹೆಂಚಿನ ಸಂದಿಯಲ್ಲಿ ಕಾಣುತ್ತಿದ್ದ ಅವಳ ಮನೆಯ ಬೆಳಕು ಆರಿತು. ಮಗಳು ಇನ್ನೂ ಓದುತ್ತ ಕೂತಿದ್ದಾಳೆ, ನಾನೂ ಎದ್ದೇ ಇದ್ದೇನೆ. ಇವತ್ತು ಮೊದಲು ಮಲಗಿದವಳು ಗಿರಿಜ.