ಎಲೆ ಮೇಷ್ಟ್ರ ಕೊನೆಯ ಗಿಡ

ಗಂಡ ತೀರಿಕೊಂಡ ಮೂರನೆಯ ತಿಂಗಳಿಗೆ ಆಕೆ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದಳು. ಮೊದಲ ದಿನವೇ ಕಾವಲುಗಾರ ಎಚ್ಚರಿಸಿದ: "ಕೊನೇ ಕೋಣೇಲಿ ಎಲೆ ಮೇಷ್ಟ್ರು ಇದಾರೆ. ಸ್ವಂತ ನೆಂಟರ ಗುರುತು ಸಿಗದಿದ್ರೂ ಗಿಡಗಳ ನೆಂಟಸ್ತಿಕೆ ಬಾಯಿಪಾಠ. ನೆಲಕ್ಕೆ ಬಿದ್ದ ಎಲೇನೂ ಕೇಳ್ದೆ ಗುಡಿಸ್ಬೇಡಿ."

ಕೇಳಿದ ಹೆಸರಿಗೂ ಕಂಡ ಮನುಷ್ಯನಿಗೂ ತಾಳೆಯಾಗಲಿಲ್ಲ. ಬಾಗಿದ ಬೆನ್ನು, ಊದಿದ ಕಣ್ಣು, ಕುರ್ಚಿಯಿಂದ ಏಳಲು ಎರಡು ಸಲ ಯೋಚಿಸುವ ದೇಹ. ಒಂದೇ ಕುಟುಂಬದ ಅರವತ್ತೊಂದು ಗಿಡಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎಂದು ಹನ್ನೆರಡು ವರ್ಷದಿಂದ ಹೋಲಿಸುತ್ತಿದ್ದರು.

ಒಂದು ದಿನ ಮೇಷ್ಟ್ರೇ ವಿವರಿಸಿದರು: "ಎಲೆಯ ಹಸಿರು ಕಣದೊಳಗೆ ಒಂದು ಪುಟ್ಟ ಬರಹ ಇರುತ್ತೆ ಅಕ್ಕ. ಈ ಗಿಡಗಳಲ್ಲಿ ಅದು ತಾಯಿಯಿಂದ ಮಾತ್ರ ಬರುತ್ತೆ. ಪಕ್ಕಪಕ್ಕ ಇಟ್ಟು ಓದಿದ್ರೆ ಯಾರು ಯಾರ ಕಡೆಯವರು ಅಂತ ಗೊತ್ತಾಗುತ್ತೆ."

"ಗಿಡಗಳಿಗೂ ತವರಿನ ಕಡೆಯೇ ಗಟ್ಟಿ ಅನ್ನಿ," ಅಂದಳು ಆಕೆ. ಮೇಷ್ಟ್ರು ನಕ್ಕದ್ದನ್ನು ಅವತ್ತೇ ನೋಡಿದ್ದು.

ನಿವೃತ್ತಿಗೆ ತಿಂಗಳಿರುವಾಗ ಒಂದೇ ಗಿಡ ಉಳಿದಿತ್ತು. ಹೂವಿನ ಆಕಾರ ನೋಡಿ ಹಿಂದಿನವರು ಅದನ್ನು ಒಂದು ಗುಂಪಿಗೆ ಸೇರಿಸಿದ್ದರು. ಅದು ತಪ್ಪೆಂದು ಮೇಷ್ಟ್ರ ಗುಮಾನಿ. ಅದರ ಕುಂಡವನ್ನು ಯಾರೋ ಕತ್ತಲ ಕಪಾಟಿನಲ್ಲಿ ಮರೆತಿದ್ದಾರೆಂದು ಆಕೆ ಭಾವಿಸಿದಳು. ನೀರು ಹಾಕಿ ಕಿಟಕಿಯ ಬಿಸಿಲಿಗಿಟ್ಟಳು.

ಸಂಜೆ ಮೇಷ್ಟ್ರು ಕಿಟಕಿಯ ಮುಂದೆ ನಿಂತೇಬಿಟ್ಟರು. "ಬೇಕಂತಲೇ ಉಪವಾಸ ಕೆಡವಿದ್ದೆ ಅಕ್ಕ. ಬಿಸಿಲು ಕಂಡ್ರೆ ಎಲೇಲಿ ಪಿಷ್ಟ ತುಂಬ್ಕೊಳ್ಳುತ್ತೆ. ಹಸಿರು ಕಣ ಬೇರ್ಪಡಿಸೋಕೆ ಯಂತ್ರದಲ್ಲಿ ತಿರುಗಿಸಿದಾಗ ಆ ಪಿಷ್ಟಕ್ಕೇ ಕಣ ಒಡೆದ್ಹೋಗುತ್ತೆ."

"ಬೈದುಬಿಡಿ ಸಾರ್."

"ಬೈಯೋಕೂ ಶಕ್ತಿ ಬೇಕಲ್ಲ."

ಬರಹ ಓದಿಸಲು ಮರುದಿನ ಹೊರಗಿನ ಪ್ರಯೋಗಾಲಯಕ್ಕೆ ಹೊರಡಬೇಕಿದ್ದ ಎಲೆಯ ಮಾದರಿ ಹೊರಡಲಿಲ್ಲ. ಗಿಡವನ್ನು ಮತ್ತೆ ಕತ್ತಲಲ್ಲಿಟ್ಟು ಮುಂದಿನ ಸರದಿಗೆ ಕಳಿಸಿದರೆ ಉತ್ತರ ಬರುವುದು ಅವರ ಕೊನೆಯ ದಿನಕ್ಕೋ, ಅದು ಕಳೆದ ಮೇಲೋ. ಆಮೇಲೆ ಆ ಕೋಣೆ, ಆ ಕಂಪ್ಯೂಟರ್ ಬೇರೆಯವರದು. ಹನ್ನೆರಡು ವರ್ಷಕ್ಕೆ ತಾನೇ ಮಣ್ಣು ಹಾಕಿದೆನೆಂದು ಆಕೆ ತೊಳೆದ ನಳಿಕೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಕೊನೆಯ ದಿನ ಭಾಷಣ, ಚಹಾ ಮುಗಿದು ಜನ ಚದುರುವಾಗ ಉತ್ತರ ಬಂತು. ಮೊದಲೇ ಓದಿಟ್ಟ ಅರವತ್ತರ ಪಕ್ಕ ಇದನ್ನಿಟ್ಟು ಮೇಷ್ಟ್ರು ಸಾಲು ಸಾಲು ಹೋಲಿಸಿದರು. ಆಕೆ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಳು.

"ಏನಾಯ್ತು ಸಾರ್?"

"ಆ ಗುಂಪಿನದಲ್ಲ. ಹೂವಿನ ಮುಖ ನೋಡಿ ಎಲ್ಲರೂ ಮೋಸ ಹೋಗಿದ್ವಿ."

ಸಂತೋಷ ಪಡಲೂ ಆಗದಷ್ಟು ದಣಿದಿದ್ದರು. ಗೋಡೆ ಬದಿಯ ಬೀರು ತೆರೆದರು. ಆ ಗಿಡವನ್ನು ಒಣಗಿಸಿ ಅಂಟಿಸಿದ ಹಾಳೆಗಳ ಕಟ್ಟು ಹಳೆಯ ಗುಂಪಿನ ಜೊತೆ ಮೇಲಿನ ಖಾನೆಯಲ್ಲಿತ್ತು. ಕೈ ಎತ್ತಿದರು, ಇಳಿಸಿದರು.

"ಅಕ್ಕ, ಇದನ್ನ ಕೆಳಗಿನ ಖಾನೇಲಿರೋ ಅದರ ಅಕ್ಕತಂಗೀರ ಪಕ್ಕ ಇಟ್ಟುಬಿಡ್ತೀರಾ? ನನ್ನ ಕೈಲಾಗ್ತಿಲ್ಲ."